ಚಳ್ಳಕೆರೆಯ ಗಾಣ, ಕಪ್ಪು ಸಮುದ್ರದ ಎಣ್ಣೆ

ನಮ್ಮ ಸಿದ್ದಾಪುರಕ್ಕೆ ಹೊರಗಿನಿಂದ ಬರುವವರು ಬಹುಪಾಲು ಅಶೋಕನನ್ನು ಹುಡುಕಿಕೊಂಡು ಬರುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನ ಈ ಮೂಲೆಯಲ್ಲಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಬಂಡೆಗಳ ಮೇಲೆ ಮೌರ್ಯ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿ ಬರೆಸಿದ್ದಾನೆ. ಈ ಕೊನೆಯ ಮಾತನ್ನು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಯವರಿಗೆ ತೋರಿಸುತ್ತೇನೆ, ಪರಿಣಾಮ ಅಷ್ಟಕ್ಕಷ್ಟೆ.

ಆದರೆ ನನಗೆ ಅಶೋಕನಿಗಿಂತ ಹೆಚ್ಚು ಇಷ್ಟವಾದವನು ಆ ಶಾಸನ ಬರೆದ ಲಿಪಿಕಾರ ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಕೊನೆಯಲ್ಲಿ ತನ್ನ ವೃತ್ತಿಯ ಹೆಸರನ್ನು ಅವನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ವಿದ್ಯೆ ಕಲಿತವನೊಬ್ಬ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ನಮ್ಮ ಕಲ್ಲುಗುಡ್ಡದ ನಡುವೆ ಕುಳಿತು ಉಳಿ ಹಿಡಿದಿದ್ದ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಆದ್ದರಿಂದ ‘ಜಾಗತೀಕರಣ’ ಎಂಬ ಪದ ಕೇಳಿ ನಮ್ಮ ಜಿಲ್ಲೆಯವರು ಬೆಚ್ಚಬೇಕಾದ್ದಿಲ್ಲ.

ಹೀಗೆಂದು ನಾನು ಧೈರ್ಯವಾಗಿ ಹೇಳುತ್ತಿದ್ದೆ, 2022ರ ಮಾರ್ಚ್ ತನಕ. ಆ ತಿಂಗಳು ಊರಿನ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟು ಲೀಟರಿಗೆ ಇನ್ನೂರು ರೂಪಾಯಿಯ ಹತ್ತಿರಕ್ಕೆ ಏರಿತು. ಉಕ್ರೇನಿನಲ್ಲಿ ಯುದ್ಧ ಎಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು. ಮರುದಿನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸಾರ್, ನಮ್ಮ ಹೊಲದಾಗೆ ಶೇಂಗಾ ಐತೆ, ಚಳ್ಳಕೆರೆಯಾಗೆ ಎಣ್ಣೆ ಮಿಲ್ಲು ಅದಾವೆ. ಯುದ್ಧ ಅಲ್ಲಾದ್ರೆ ನಮ್ಮ ಮನೆ ಎಣ್ಣೆ ಯಾಕೆ ತುಟ್ಟಿ ಆಗ್ತದೆ?”

ಸಾಂದ್ರತೆ, ಸ್ನಿಗ್ಧತೆ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಇದಕ್ಕೆ ಏನೋ ಅರೆಬರೆ ಉತ್ತರ ಕೊಟ್ಟು ಪಾಠ ಮುಂದುವರಿಸಿದೆ. ಆ ಅರೆಬರೆ ಉತ್ತರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಕಳೆದ ದಸರಾ ರಜೆಯಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಚಳ್ಳಕೆರೆಗೆ ಹೊರಟದ್ದು ಅದಕ್ಕಾಗಿಯೇ. ಜೊತೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮತ್ತು ಅವನ ತಂದೆ. ಹುಡುಗ ಉಕ್ರೇನಿನ ವಿನ್ನಿತ್ಸಿಯಾ ನಗರದಲ್ಲಿ ವೈದ್ಯಕೀಯ ಓದುತ್ತಿದ್ದು, ಯುದ್ಧ ಶುರುವಾದಾಗ ಸಾವಿರಾರು ಭಾರತೀಯ ಮಕ್ಕಳೊಂದಿಗೆ ಮರಳಿ ಬಂದವನು. ತಂದೆ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಹದಿನೇಳು ವರ್ಷ ಫಿಟ್ಟರ್ ಆಗಿದ್ದವರು. ನನ್ನ ಪ್ರಶ್ನೆಯ ಎರಡು ತುದಿಗಳೂ ಒಂದೇ ಮನೆಯಲ್ಲಿದ್ದವು.

ಮೊಳಕಾಲ್ಮೂರಿನಿಂದ ಹೆದ್ದಾರಿಗೆ ಬಿದ್ದು ದಕ್ಷಿಣಕ್ಕೆ ತಿರುಗಿದರೆ ದಾರಿಯುದ್ದಕ್ಕೂ ಬಂಡೆಗುಡ್ಡ, ಜಾಲಿ, ಕೆಂಪು ಮಣ್ಣಿನ ಶೇಂಗಾ ಹೊಲ. ಈಗೀಗ ನಡುನಡುವೆ ದಾಳಿಂಬೆ, ಈರುಳ್ಳಿ. ತ.ರಾ.ಸು. ಅವರ ತಳಕು ದಾಟುವಾಗ ಬಸ್ಸಿನಿಂದಲೇ ಕೈಮುಗಿದೆ. ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆ. ವರ್ಷಕ್ಕೆ ಸರಾಸರಿ 500 ಮಿಲಿಮೀಟರಿಗೂ ಕಡಿಮೆ. ಇಷ್ಟು ಮಳೆಯಲ್ಲಿ, ಇಂಥ ಮಣ್ಣಿನಲ್ಲಿ ಏಳುವ ಕೆಲವೇ ಬೆಳೆಗಳಲ್ಲಿ ಶೇಂಗಾ ಒಂದು. ನಮ್ಮ ತಂದೆ ಬಿತ್ತುತ್ತಿದ್ದದ್ದು ಟಿಎಂವಿ-2 ಎಂಬ ತಳಿ. ಅದು ತಮಿಳುನಾಡಿನ ತಿಂಡಿವನದಲ್ಲಿ ಸಿದ್ಧವಾಗಿ 1940ರಲ್ಲಿ ಬಿಡುಗಡೆಯಾದದ್ದು. ಎಂಬತ್ತು ವರ್ಷ ದಾಟಿದರೂ ಅದನ್ನು ಬಿಡದ ರೈತರು ನಮ್ಮಲ್ಲಿದ್ದಾರೆ. ಇದನ್ನು ನಿಷ್ಠೆ ಎನ್ನಬೇಕೋ ದಿಕ್ಕಿಲ್ಲದ ಸ್ಥಿತಿ ಎನ್ನಬೇಕೋ ತಿಳಿಯದು.

ನಾನು ಬಿ.ಎಸ್ಸಿ. ಮುಗಿಸುವ ಹೊತ್ತಿಗೂ ಚಳ್ಳಕೆರೆಯನ್ನು ಜನ ‘ಎರಡನೇ ಬೊಂಬಾಯಿ’ ಎನ್ನುತ್ತಿದ್ದರು. ಎಣ್ಣೆ ವ್ಯಾಪಾರದಲ್ಲಿ ಬೊಂಬಾಯಿಯನ್ನು ಬಿಟ್ಟರೆ ಈ ಊರೇ ಎಂಬುದು ಅದರ ಅರ್ಥ. ಸುಗ್ಗಿಯಲ್ಲಿ ಗಾಡಿಗಳ ಸಾಲು, ಮಂಡಿಯಲ್ಲಿ ಚೀಲಗಳ ಗೋಪುರ, ಊರಿನ ಹೊರಗೆ ಒಂದು ಮೈಲಿ ದೂರಕ್ಕೇ ಹುರಿದ ಶೇಂಗಾದ ವಾಸನೆ. ಈ ಸಲ ಬಸ್ಸಿಳಿದಾಗ ಆ ವಾಸನೆ ಮೂಗಿಗೆ ಬರಲಿಲ್ಲ.

ಹುಡುಗನ ತಂದೆ ತಾವು ಕೆಲಸ ಮಾಡಿದ ಮಿಲ್ಲನ್ನು ತೋರಿಸಿದರು. ಗೇಟು ಅದೇ, ಒಳಗೆ ಸಿಮೆಂಟು ಮತ್ತು ಗೊಬ್ಬರದ ಗೋದಾಮು. ಅವರು ಖಾಲಿ ಜಾಗಗಳಿಗೆ ಕೈ ತೋರಿಸುತ್ತ ನಡೆದರು. “ಇಲ್ಲಿ ಸುಲಿಯೋ ಮಿಷನ್ನು, ಮೇಷ್ಟ್ರೇ. ಇಲ್ಲಿ ಬೀಜ ಬಿಸಿ ಮಾಡೋ ಕೆಟ್ಲು. ಈ ಸಾಲಿಗೆ ಎಕ್ಸ್‌ಪೆಲ್ಲರ್‌ಗಳು. ರಾತ್ರಿ ಮೂರು ಗಂಟೆಗೆ ಒಂದು ನಿಂತ್ರೂ ಮನೆಗೆ ಜನ ಬರೋರು.” ಗೋಡೆಯ ಬುಡದಲ್ಲಿ ಮಾತ್ರ ಎಣ್ಣೆ ಕುಡಿದ ಕಪ್ಪು ಪಟ್ಟಿ ಇನ್ನೂ ಇತ್ತು. ಮೂರು ಸಲ ಸುಣ್ಣ ಹೊಡೆಸಿದರೂ ಅದು ಹೋಗಿಲ್ಲವಂತೆ.

ಮಿಲ್ಲಿನ ಲೆಕ್ಕವನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೂರು ಕಿಲೋ ಶೇಂಗಾ ಕಾಯಿ ಸುಲಿದರೆ ಸುಮಾರು ಎಪ್ಪತ್ತು ಕಿಲೋ ಬೀಜ. ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಎಕ್ಸ್‌ಪೆಲ್ಲರ್ ಎಂದರೆ ಕಬ್ಬಿಣದ ಬೋನಿನೊಳಗೆ ತಿರುಗುವ ದೊಡ್ಡ ಸ್ಕ್ರೂ. ಬೀಜವನ್ನು ಒತ್ತುತ್ತ ಒತ್ತುತ್ತ ಮುಂದೆ ನೂಕುತ್ತದೆ, ಎಣ್ಣೆ ಕೆಳಗೆ ಸೋರುತ್ತದೆ, ಹಿಂಡಿ ಹೊರಗೆ ಬರುತ್ತದೆ. ಎಷ್ಟು ಒತ್ತಿದರೂ ಹಿಂಡಿಯಲ್ಲಿ ನೂರಕ್ಕೆ ಆರೇಳು ಪಾಲು ಎಣ್ಣೆ ಉಳಿದೇ ಉಳಿಯುತ್ತದೆ. ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದರೆ ಅದೂ ಒಂದಕ್ಕೆ ಇಳಿಯುತ್ತದೆ, ಆದರೆ ಅಂಥ ಸಾಲ್ವೆಂಟ್ ಪ್ಲಾಂಟಿಗೆ ದೊಡ್ಡ ಬಂಡವಾಳ ಬೇಕು. ಶೇಂಗಾ ಎಣ್ಣೆ ತೆಗೆಯುವುದನ್ನು ಸರ್ಕಾರ ಸಣ್ಣ ಕೈಗಾರಿಕೆಗೆ ಮೀಸಲಿಟ್ಟಿತ್ತು. ಆ ಮೀಸಲಾತಿ ತೆಗೆದದ್ದು 2015ರಲ್ಲಿ. ಅದು ಸಣ್ಣ ಮಿಲ್ಲುಗಳಿಗೆ ರಕ್ಷಣೆಯೂ ಹೌದು, ಅವು ದೊಡ್ಡದಾಗದಂತೆ ಕಟ್ಟಿದ ಹಗ್ಗವೂ ಹೌದು. ಒಟ್ಟಿನಲ್ಲಿ ಒಂದು ಹೆಕ್ಟೇರು ಮಳೆಯಾಶ್ರಿತ ಶೇಂಗಾದಿಂದ, ಒಳ್ಳೆಯ ವರ್ಷದಲ್ಲಿ, ಮುನ್ನೂರು ಕಿಲೋ ಎಣ್ಣೆ ಸಿಕ್ಕರೆ ಪುಣ್ಯ. ಮಲೇಷ್ಯಾದ ಒಂದು ಹೆಕ್ಟೇರು ತಾಳೆತೋಟದಿಂದ ಬರುವ ಎಣ್ಣೆ ಅದರ ಹತ್ತು ಪಟ್ಟಿಗೂ ಹೆಚ್ಚು. ಈ ಎರಡನ್ನೂ ಒಂದೇ ಅಂಗಡಿಯ ಹಲಗೆಯ ಮೇಲೆ ಇಟ್ಟರೆ ಏನಾಗಬಹುದೆಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ.

ಬಹಳ ಕಾಲ ಅವನ್ನು ಒಂದೇ ಹಲಗೆಯ ಮೇಲೆ ಇಡಲು ಬಿಟ್ಟಿರಲಿಲ್ಲ. ಹೊರದೇಶದ ಎಣ್ಣೆಯನ್ನು ತರಿಸುವ ಹಕ್ಕು ಸರ್ಕಾರಿ ವ್ಯಾಪಾರ ನಿಗಮದ ಕೈಯಲ್ಲಿತ್ತು. ಎಷ್ಟು ತರಿಸಬೇಕು, ಯಾರಿಗೆ ಹಂಚಬೇಕು ಎಂಬುದು ದೆಹಲಿಯಲ್ಲಿ ತೀರ್ಮಾನವಾಗುತ್ತಿತ್ತು. 1986ರಲ್ಲಿ ಎಣ್ಣೆಬೀಜಗಳ ತಾಂತ್ರಿಕ ಮಿಷನ್ ಆರಂಭವಾಗಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶ ತನಗೆ ಬೇಕಾದ ಖಾದ್ಯ ತೈಲವನ್ನು ಬಹುತೇಕ ತಾನೇ ಬೆಳೆದುಕೊಂಡಿತು. ‘ಹಳದಿ ಕ್ರಾಂತಿ’ ಎಂಬ ಹೆಸರೂ ಬಂತು. ನಡುವೆ 1991ರ ಜುಲೈ ಬಜೆಟ್ಟು, ಉದಾರೀಕರಣ. ಅದು ಚಳ್ಳಕೆರೆಯ ಬಾಗಿಲು ತಟ್ಟಿದ್ದು 1994ರ ಏಪ್ರಿಲಿನಲ್ಲಿ: ಪಾಮೊಲಿನ್ ಎಣ್ಣೆಯನ್ನು ಶೇಕಡಾ 65 ಸುಂಕ ಕಟ್ಟಿ ಯಾರು ಬೇಕಾದರೂ ತರಿಸಬಹುದು ಎಂದಾಯಿತು. ಮರುವರ್ಷ ಬಹುತೇಕ ಎಲ್ಲ ಖಾದ್ಯ ತೈಲಗಳಿಗೂ ಅದೇ ಅವಕಾಶ, ಸುಂಕ ಶೇಕಡಾ 30. 1998ರ ಹೊತ್ತಿಗೆ ಶೇಕಡಾ 15.

“ಅರವತ್ತೈದು ಅಂದಾಗ ಯಜಮಾನ್ರು ನಕ್ಕಿದ್ರು, ಮೇಷ್ಟ್ರೇ. ಮೂವತ್ತಾದಾಗ ಸುಮ್ಮನಾದ್ರು. ಹದಿನೈದಾದಾಗ ನಮ್ಮನ್ನೆಲ್ಲ ಕರೆದು ಕೂರಿಸ್ಕೊಂಡು ಕಾಫಿ ಕೊಡಿಸಿದ್ರು. ಕಾಫಿ ಕೊಟ್ಟಾಗಲೇ ನಂಗೆ ಗೊತ್ತಾತು.” ಆ ಮಿಲ್ಲು ಇನ್ನೆರಡು ಸುಗ್ಗಿ ಎಳೆದಾಡಿ ನಿಂತಿತು. ಅಂಥವು ಬೇಕಾದಷ್ಟು. ಎಲ್ಲವನ್ನೂ ಸುಂಕದ ತಲೆಗೆ ಕಟ್ಟುವುದು ನ್ಯಾಯವಲ್ಲ: ಸಾಲುಸಾಲು ಬರಗಾಲ, ಏರದ ಇಳುವರಿ, ಪಟ್ಟಣದವರಿಗೆ ಹಿಡಿದ ರಿಫೈನ್ಡ್ ಎಣ್ಣೆಯ ರುಚಿ, ಎಲ್ಲವೂ ಸೇರಿದವು. ಇನ್ನೊಂದು ಮಾತನ್ನೂ ಹೇಳಲೇಬೇಕು. ಅಗ್ಗದ ಎಣ್ಣೆಯಿಂದ ನಮ್ಮ ಬಡವರ ಒಲೆಯ ಮೇಲೆ ಬಾಣಲೆ ಬಂತು. ನನ್ನ ಬಾಲ್ಯದಲ್ಲಿ ಕರಿದ ತಿಂಡಿ ಎಂದರೆ ಹಬ್ಬ. ಆ ಹಬ್ಬ ವಾರಕ್ಕೊಮ್ಮೆ ಬಂದದ್ದು ಪಾಮೊಲಿನ್ನಿನಿಂದ.

ಊಟಕ್ಕೆ ಕುಳಿತಾಗ ಹುಡುಗ ತನ್ನ ಕಡೆಯ ಕತೆ ತೆಗೆದ. ನನ್ನ ಪೀಳಿಗೆಯವರಿಗೆ ಆ ದೇಶ ಗೊತ್ತಿದ್ದದ್ದು ಪುಸ್ತಕಕ್ಕೆ ಬೈಂಡು ಹಾಕುವ ಸೋವಿಯತ್ ಪತ್ರಿಕೆಗಳ ನಯವಾದ ಹಾಳೆಗಳಿಂದ. ನನ್ನ ಏಳನೇ ತರಗತಿಯ ವಿಜ್ಞಾನ ಪುಸ್ತಕದ ಮೇಲೆ ದಿಗಂತದವರೆಗೆ ಸೂರ್ಯಕಾಂತಿ ಹೊಲ, ಅದರ ನಡುವೆ ನಗುವ ಹೆಂಗಸು. ಅದು ಯಾರ ಹೊಲ ಎಂದು ಆಗ ಕೇಳಿರಲಿಲ್ಲ. ಹುಡುಗ ಬಾಡಿಗೆಗಿದ್ದ ಮನೆಯ ಅಜ್ಜಿ ಹುಟ್ಟಿದ್ದು ಅಂಥದೇ ಸಾಮೂಹಿಕ ಕೃಷಿಕ್ಷೇತ್ರದಲ್ಲಂತೆ. ಹೊಲ ಎಲ್ಲರದು, ಆದ್ದರಿಂದ ಯಾರದೂ ಅಲ್ಲ. ಬೀಜ, ಬೆಲೆ, ಗುರಿ ಎಲ್ಲ ಮೇಲಿನಿಂದ.

1991ರಲ್ಲಿ, ನಾವು ಬಾಗಿಲು ಸ್ವಲ್ಪ ತೆರೆದ ಅದೇ ವರ್ಷ, ಅವರ ಮನೆಯ ಗೋಡೆಯೇ ಬಿತ್ತು. ಆಗಸ್ಟಿನಲ್ಲಿ ಉಕ್ರೇನ್ ಸ್ವಾತಂತ್ರ್ಯ ಘೋಷಿಸಿತು, ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರ ಜನವರಿಯಲ್ಲಿ ರಷ್ಯಾ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು, ಉಕ್ರೇನೂ ಹಿಂಬಾಲಿಸಬೇಕಾಯಿತು. ಕಾರ್ಖಾನೆಗಳನ್ನು ನಡೆಸಲು ಸರ್ಕಾರ ಹಣ ಅಚ್ಚು ಹಾಕುತ್ತ ಹೋಯಿತು. 1993 ಒಂದೇ ವರ್ಷದಲ್ಲಿ ಬೆಲೆಗಳು ನೂರು ಪಟ್ಟಿಗೂ ಹೆಚ್ಚು ಏರಿದವು. ಮಕ್ಕಳೇ, ನೂರು ಪಟ್ಟು ಎಂದರೆ ಜನವರಿಯಲ್ಲಿ ಐದು ರೂಪಾಯಿಯ ಬನ್ನು ಡಿಸೆಂಬರಿನಲ್ಲಿ ಐನೂರು. ಅಜ್ಜಿ ಮಗಳ ಮದುವೆಗೆಂದು ಉಳಿತಾಯ ಬ್ಯಾಂಕಿನಲ್ಲಿ ಇಟ್ಟಿದ್ದ ರೂಬಲ್ಲುಗಳು ಹಾಗೆಯೇ ಕರಗಿದವು. 1996ರಲ್ಲಿ ಹ್ರಿವ್ನಿಯಾ ಎಂಬ ಹೊಸ ನಾಣ್ಯ ಬಂದಾಗ ಹಳೆಯ ಒಂದು ಲಕ್ಷಕ್ಕೆ ಹೊಸದು ಒಂದು. ಆ ದಶಕದ ಕೊನೆಗೆ ದೇಶದ ಒಟ್ಟು ಉತ್ಪನ್ನ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನಮ್ಮ ಉದಾರೀಕರಣವನ್ನು ಬೈಯುವವರೂ ಹೊಗಳುವವರೂ ಈ ಅಂಕಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಹೊಲದ ಗತಿ? ಸುಮಾರು ಎಪ್ಪತ್ತು ಲಕ್ಷ ಹಳ್ಳಿಗರಿಗೆ ತಲಾ ನಾಲ್ಕು ಹೆಕ್ಟೇರಿನಷ್ಟು ಪಾಲು ಬರೆದುಕೊಟ್ಟರು. ಆ ಪಾಲಿಗೆ ಅವರ ಮಾತಿನಲ್ಲಿ ‘ಪಾಯ್’ ಎನ್ನುತ್ತಾರಂತೆ. ನಮ್ಮ ಹುಡುಗನಿಗೆ ನೆನಪಿಟ್ಟುಕೊಳ್ಳಲು ಸುಲಭವಾಯಿತು. 1999ರ ಡಿಸೆಂಬರಿನಲ್ಲಿ ಅಧ್ಯಕ್ಷ ಕುಚ್ಮಾ ಅವರ ಆಜ್ಞೆಯಂತೆ ಸಾಮೂಹಿಕ ಕ್ಷೇತ್ರಗಳನ್ನು ಮುಚ್ಚಿ ಖಾಸಗಿಯಾಗಿ ಮಾಡಿದರು. ಆದರೆ ಪಾಲನ್ನು ಮಾರುವಂತಿಲ್ಲ ಎಂದು 2001ರಿಂದ ತಡೆ. ಅದು ತೆರವಾದದ್ದು 2021ರ ಜುಲೈ 1ರಂದು. ಇಪ್ಪತ್ತು ವರ್ಷ ಭೂಮಿ ಇತ್ತು, ಮಾರುವ ಹಕ್ಕಿರಲಿಲ್ಲ. ಟ್ರ್ಯಾಕ್ಟರಿಲ್ಲದ ಮುದುಕರು ಏನು ಮಾಡಿಯಾರು? ಗುತ್ತಿಗೆಗೆ ಕೊಟ್ಟರು. ಹೀಗೆ ಗುತ್ತಿಗೆ ಹಿಡಿದು ಲಕ್ಷಗಟ್ಟಲೆ ಹೆಕ್ಟೇರು ಉಳುವ ಕಂಪನಿಗಳು ಬೆಳೆದವು. ಅಜ್ಜಿಯ ಪಾಲಿಗೆ ವರ್ಷದ ಗುತ್ತಿಗೆ ಬರುತ್ತಿದ್ದುದು ಬಹುಪಾಲು ಗೋಧಿ, ಸಕ್ಕರೆ, ಮತ್ತು ಕ್ಯಾನುಗಳಲ್ಲಿ ಸೂರ್ಯಕಾಂತಿ ಎಣ್ಣೆ. “ಸಾರ್, ಆ ಎಣ್ಣೆಗೆ ಹುರಿದ ಬೀಜದ ವಾಸನೆ. ಹಿಂಡಿಗೆ ಮಕೂಖಾ ಅಂತಾರೆ, ಮೀನಿನ ಗಾಳಕ್ಕೆ ಹಾಕ್ತಾರೆ,” ಎಂದ. ತಂದೆ ಮೊದಲ ಬಾರಿಗೆ ಕುತೂಹಲದಿಂದ ತಲೆಯೆತ್ತಿ, “ಹಿಂಡೀಲಿ ಎಣ್ಣೆ ಎಷ್ಟು ಬಿಡ್ತಾರೆ?” ಎಂದು ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ.

ಈಗ ನನ್ನನ್ನು ಬಹುವಾಗಿ ಯೋಚನೆಗೆ ಹಚ್ಚಿದ ವಿಷಯ. ಮಾರುಕಟ್ಟೆ ತೆರೆದ ಮೊದಲ ವರ್ಷಗಳಲ್ಲಿ ಉಕ್ರೇನಿನ ಸೂರ್ಯಕಾಂತಿ ಬೀಜ ಬೀಜವಾಗಿಯೇ ಗಡಿ ದಾಟುತ್ತಿತ್ತು. ಪರದೇಶದ ಮಿಲ್ಲುಗಳು ಅದನ್ನು ಅರೆಯುತ್ತಿದ್ದವು, ಅಲ್ಲಿನ ಮಿಲ್ಲುಗಳು ಖಾಲಿ ನಿಂತಿದ್ದವು. 1999ರಲ್ಲಿ ಸರ್ಕಾರ ಬೀಜದ ರಫ್ತಿನ ಮೇಲೆ ಶೇಕಡಾ 23 ಸುಂಕ ಹಾಕಿತು. ಎಣ್ಣೆಗೆ ಹಾಕಲಿಲ್ಲ. ಬೀಜ ಹೊರಗೆ ಹೋಗುವುದು ದುಬಾರಿ, ಎಣ್ಣೆಯಾಗಿ ಹೋಗುವುದು ಸಲೀಸು. ಮಿಲ್ಲು ಕಟ್ಟಲು ಬಂಡವಾಳ ಹರಿಯಿತು. ಆಗ ಐದು ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದ ಸೂರ್ಯಕಾಂತಿ ಎಣ್ಣೆಯ ಉತ್ಪಾದನೆ ಇಪ್ಪತ್ತು ವರ್ಷಗಳಲ್ಲಿ ಅರವತ್ತು ಲಕ್ಷ ಟನ್ ದಾಟಿ, ರಫ್ತಿನಲ್ಲಿ ಆ ದೇಶ ಜಗತ್ತಿಗೇ ಮೊದಲಾಯಿತು. 2008ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಸೇರಿದ ಮೇಲೆ ಸುಂಕವನ್ನು ಹಂತಹಂತವಾಗಿ ಹತ್ತಕ್ಕೆ ಇಳಿಸಿದರು. ಅಷ್ಟರಲ್ಲಿ ಮಿಲ್ಲುಗಳು ಬೇರೂರಿದ್ದವು.

ಇದಕ್ಕೆ ಬೆಲೆ ತೆತ್ತವರು ಅಲ್ಲಿನ ರೈತರು. ಹೊರಗೆ ಮಾರಲು ಕಷ್ಟವಾದ್ದರಿಂದ ಬೀಜಕ್ಕೆ ಜಗತ್ತಿನ ಬೆಲೆ ಅವರಿಗೆ ಸಿಗಲಿಲ್ಲ. ಅಂದರೆ ಹೊಲದವನ ಜೇಬಿನಿಂದ ಸ್ವಲ್ಪ ತೆಗೆದು ಮಿಲ್ಲಿನವನಿಗೆ ಕೊಟ್ಟಂತಾಯಿತು. ನಮ್ಮಲ್ಲಿ ಮಿಲ್ಲಿನವನ ಜೇಬಿನಿಂದಲೂ ಹೊಲದವನ ಜೇಬಿನಿಂದಲೂ ತೆಗೆದು ಎಣ್ಣೆ ಕೊಳ್ಳುವವನಿಗೆ ಕೊಟ್ಟೆವು. ಎರಡಕ್ಕೂ ಹೆಸರು ಮುಕ್ತ ಮಾರುಕಟ್ಟೆಯೇ. ಸುಧಾರಣೆ ಎಂದರೆ ಒಂದು ಸ್ವಿಚ್ಚು, ಒತ್ತಿದರೆ ದೀಪ ಹತ್ತುತ್ತದೆ ಎಂದು ನಾನೂ ತಿಳಿದಿದ್ದೆ. ಅದು ನಮ್ಮ ಪ್ರಯೋಗಶಾಲೆಯ ತೂಕದ ಪೆಟ್ಟಿಗೆಯ ಹಾಗೆ: ಯಾವ ತಟ್ಟೆಗೆ ಎಷ್ಟು ಗ್ರಾಮಿನ ಕಲ್ಲು ಇಟ್ಟಿರಿ ಎಂಬುದರ ಮೇಲೆ ತಕ್ಕಡಿ ವಾಲುತ್ತದೆ, ಆ ಕಲ್ಲು ಇಡುವ ಕೈ ಮಾತ್ರ ಕಾಣುವುದಿಲ್ಲ.

ಸೂರ್ಯಕಾಂತಿ ಬೀಜಕ್ಕೂ ನಮಗೂ ಹಳೆಯ ಋಣವಿದೆ. ಸೋವಿಯತ್ ಕಾಲದಲ್ಲಿ ಕ್ರಾಸ್ನೊದಾರಿನ ಸಸ್ಯವಿಜ್ಞಾನಿ ಪುಸ್ತೊವೊಯ್ತ್ ವರ್ಷಾನುಗಟ್ಟಲೆ ಆಯ್ದು ಆಯ್ದು ಬೀಜದ ಎಣ್ಣೆಯ ಅಂಶವನ್ನು ಮೂವತ್ತರಿಂದ ಐವತ್ತರ ಹತ್ತಿರಕ್ಕೆ ಏರಿಸಿದರು. ಆ ತಳಿಗಳಲ್ಲಿ ಕೆಲವನ್ನು 1969ರಲ್ಲಿ ಭಾರತಕ್ಕೆ ತರಿಸಲಾಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿ ಬಿಎಸ್‌ಎಚ್-1 ಬಂತು. ಕರ್ನಾಟಕ ಈ ಬೆಳೆಗೆ ಮುಂಚೂಣಿಯ ರಾಜ್ಯವಾಯಿತು. 1993-94ರಲ್ಲಿ ದೇಶದಲ್ಲಿ ಇಪ್ಪತ್ತಾರು ಲಕ್ಷ ಹೆಕ್ಟೇರಿಗೂ ಹೆಚ್ಚು ಸೂರ್ಯಕಾಂತಿ ಇತ್ತು. ಆಮೇಲೆ ಅಗ್ಗದ ಎಣ್ಣೆಯ ಹೊಡೆತದ ಮೇಲೆ ರೋಗದ ಹೊಡೆತ: 1997ರಲ್ಲಿ ಬಾಗೇಪಲ್ಲಿಯ ಹೊಲಗಳಲ್ಲಿ ಕಾಣಿಸಿಕೊಂಡ ನೆಕ್ರೋಸಿಸ್ ಎಂಬ ವೈರಸ್ ರೋಗ ಗಿಡಗಳನ್ನು ಸುಟ್ಟಂತೆ ಮಾಡಿತು. ಈಚಿನ ವರ್ಷಗಳಲ್ಲಿ ಬೆಳೆ ಮೂರು ಲಕ್ಷ ಹೆಕ್ಟೇರಿಗೂ ಕೆಳಗಿಳಿದಿದೆ. ಬೀಜ ಕೊಟ್ಟವರೇ ಎಣ್ಣೆಯನ್ನೂ ಕಳಿಸುವಂತಾಯಿತು. ಯುದ್ಧಕ್ಕೆ ಮುಂಚೆ ನಾವು ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಉಕ್ರೇನಿನದು. 2022ರ ಫೆಬ್ರುವರಿಯಲ್ಲಿ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು, ನಮ್ಮ ಊರಿನ ಅಂಗಡಿಯ ಚೀಟಿ ಬದಲಾಯಿತು. ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟು ಉದ್ದ.

ಹುಡುಗ ಅಲ್ಲಿಗೆ ಹೋದದ್ದೂ ಇದೇ ಕತೆಯ ಒಂದು ಕವಲು. ಸೋವಿಯತ್ ಕಾಲದಲ್ಲಿ ನಮ್ಮವರು ವಿದ್ಯಾರ್ಥಿವೇತನದ ಮೇಲೆ ಹೋಗುತ್ತಿದ್ದರು. ಒಕ್ಕೂಟ ಒಡೆದ ಮೇಲೆ ಆ ವಿಶ್ವವಿದ್ಯಾನಿಲಯಗಳಿಗೆ ಸಂಬಳ ಕೊಡಲು ಶುಲ್ಕ ಬೇಕಾಯಿತು, ನಮ್ಮಲ್ಲಿ ಸೀಟು ಸಿಗದವರಿಗೆ ಶುಲ್ಕ ಕಡಿಮೆಯ ಕಾಲೇಜು ಬೇಕಾಯಿತು. ಮಿಲ್ಲು ಹೋದ ಮೇಲೆ ಪಂಪ್‌ಸೆಟ್ ರಿಪೇರಿ ಮಾಡಿ ಉಳಿಸಿದ ದುಡ್ಡು, ಎರಡು ಎಕರೆ ಅಡಮಾನ ಸೇರಿಸಿ ತಂದೆ ಅವನನ್ನು ಕಳಿಸಿದ್ದರು. ಹೋಗುವ ಮುನ್ನ ನನ್ನನ್ನೂ ಕೇಳಿದ್ದರು. ‘ಕಳಿಸಿ’ ಎಂದವನು ನಾನೇ. 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂದ ರಾತ್ರಿ ಇವನು ಇನ್ನೂ ಗಡಿ ದಾಟಿರಲಿಲ್ಲ. ಆ ರಾತ್ರಿ ಅವರ ಮನೆಯ ಜಗಲಿಯ ಮೇಲೆ ನಾನೂ ಕುಳಿತಿದ್ದೆ. ತಂದೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಕೊನೆಗೆ ಹುಡುಗ ಜಾರ್ಜಿಯಾಕ್ಕೆ ಬದಲಾಯಿಸಿಕೊಂಡು ಓದು ಮುಗಿಸಿದ. ಈಗ ಇಲ್ಲಿಯ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾನೆ. ಎರಡು ಎಕರೆ ಇನ್ನೂ ಅಡವಿನಲ್ಲೇ ಇದೆ.

ಹಿಂತಿರುಗುವ ಮೊದಲು ಮರದ ಗಾಣದ ಅಂಗಡಿಯೊಂದಕ್ಕೆ ಹೋದೆವು. ಈಗ ಬೆಂಗಳೂರಿನವರು ಗಾಣದ ಎಣ್ಣೆ ಕೇಳುತ್ತಾರಂತೆ. ಪ್ಯಾಕೆಟ್ಟಿನ ಎಣ್ಣೆಗಿಂತ ಬಹಳ ದುಬಾರಿ; ನಮ್ಮ ಹಳ್ಳಿಯವರು ಬೆಲೆ ಕೇಳಿ ಮುಂದೆ ಹೋಗುತ್ತಾರೆ. ತಂದೆ ಬುಟ್ಟಿಯಿಂದ ಒಂದು ಚೂರು ಹಿಂಡಿ ತೆಗೆದು ಬೆರಳಲ್ಲಿ ಪುಡಿಮಾಡಿ, ಮೂಸಿ, “ಹತ್ತರ ಮೇಲೆ ಬಿಟ್ಟವ್ರೆ” ಎಂದು ತೀರ್ಪು ಕೊಟ್ಟರು. ಆದರೂ ಅರ್ಧ ಲೀಟರ್ ಕೊಂಡರು.

ಬಸ್ಸಿನಲ್ಲಿ ಹುಡುಗನಿಗೆ ಫೋನು ಬಂತು. ವಿನ್ನಿತ್ಸಿಯಾದ ಅಜ್ಜಿ. ತಿಂಗಳಿಗೊಮ್ಮೆ ಮಾತನಾಡುತ್ತಾರಂತೆ. ಅವನು ಅವರ ಭಾಷೆಯಲ್ಲಿ ಏನೇನೋ ಹೇಳಿ, ನಕ್ಕು, ನಮ್ಮ ಕಡೆ ತಿರುಗಿದ: “ನಿಮ್ಮ ಊರಲ್ಲಿ ಎಣ್ಣೆ ಬೆಲೆ ಎಷ್ಟು ಅಂತ ಕೇಳ್ತಾ ಇದಾಳೆ.” ತಂದೆ ಫೋನಿನ ಹತ್ತಿರ ಬಾಗಿ, ಆಚೆಯವರಿಗೆ ಕನ್ನಡ ಬರುವುದೋ ಇಲ್ಲವೋ ಲೆಕ್ಕಿಸದೆ, ಪ್ಯಾಕೆಟ್ಟಿನದೊಂದು, ಗಾಣದ್ದೊಂದು, ಎರಡೂ ಬೆಲೆಗಳನ್ನು ಗಟ್ಟಿಯಾಗಿ ಹೇಳಿದರು.